ಹಾಸಿಗೆ ಪಕ್ಕದ ಸ್ಟೂಲಿನಿಂದ ಪಿಎಚ್‌ಡಿವರೆಗೆ: ಆಧ್ಯಾತ್ಮಿಕ ಆರೈಕೆಯಲ್ಲಿ ಸಂಶೋಧನೆ ಮಾಡುವವರಿಗೆ

ಕ್ಯಾನ್ಸರ್ ವಾರ್ಡಿನಲ್ಲಿ ಕೋಲಾರದ ಕಡೆಯ ಒಬ್ಬ ಅಜ್ಜಿ ಇದ್ದರು. ನನ್ನ ಕೈಯಲ್ಲಿ ಇಂಗ್ಲಿಷಿನಿಂದ ತಂದ ಒಂದು ಪ್ರಶ್ನಾವಳಿ ಇತ್ತು. ‘ನನ್ನ ಮನಸ್ಸು ಶಾಂತವಾಗಿದೆ’ ಅನ್ನುವ ವಾಕ್ಯ ಓದಿ, ಸೊನ್ನೆಯಿಂದ ನಾಲ್ಕರೊಳಗೆ ಒಂದು ಅಂಕಿ ಹೇಳಿ ಅಂತ ಕೇಳಿದೆ. ಅವರು ಅಂಕಿ ಹೇಳಲಿಲ್ಲ. ‘ನಾನು ಯಾರ ಹೊಟ್ಟೆ ಉರಿಸಿದ್ದೆ ಅಂತ ಈ ಕಾಯಿಲೆ ಬಂತಪ್ಪ, ಅದನ್ನ ಹೇಳು’ ಅಂದರು. ಆ ಮಾತು ಬರೆದುಕೊಳ್ಳಲು ನನ್ನ ಫಾರಂನಲ್ಲಿ ಜಾಗವೇ ಇರಲಿಲ್ಲ.

ನನ್ನ ಸಂಶೋಧನೆ ಶುರುವಾಗಿದ್ದು ಆ ಮಧ್ಯಾಹ್ನ. ನನಗೆ ಪಿಎಚ್‌ಡಿಗೆ ಅಡ್ಮಿಷನ್ ಆಗಿ ಅದಾಗಲೇ ಎಂಟು ತಿಂಗಳಾಗಿತ್ತು.

ಇಂಥ ಮಾತುಗಳನ್ನು ಕೇಳಿಸಿಕೊಂಡು, ಇದನ್ನು ಸರಿಯಾಗಿ ಓದಬೇಕು, ಇದರ ಮೇಲೆ ಎಂಟಿಎಚ್ (ಥಿಯಾಲಜಿ, ಅಂದರೆ ಧರ್ಮಶಾಸ್ತ್ರದ ಸ್ನಾತಕೋತ್ತರ ಪದವಿ) ಅಥವಾ ಪಿಎಚ್‌ಡಿ ಮಾಡಬೇಕು ಅಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಸೆಮಿನರಿಯಲ್ಲಿ ಇರಬಹುದು. ನರ್ಸ್ ಆಗಿರಬಹುದು. ಎಂಎಸ್‌ಡಬ್ಲ್ಯೂ ಅಥವಾ ಸೈಕಾಲಜಿ ಮುಗಿಸಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರಬಹುದು. ಯಾವ ಧರ್ಮದವರಾದರೂ ಸರಿ, ಯಾವುದನ್ನೂ ನಂಬದವರಾದರೂ ಸರಿ. ನಾನು ಚರ್ಚಿನ ಕಡೆಯಿಂದ ಬಂದವನು, ಹಾಗಾಗಿ ಆ ದಾರಿ ನನಗೆ ಜಾಸ್ತಿ ಗೊತ್ತು. ಉಳಿದವರಿಗೆ ಎಲ್ಲೆಲ್ಲಿ ಬಾಗಿಲು ಇದೆ ಅಂತಲೂ ಹೇಳುತ್ತೇನೆ.

ಮೊದಲು, ಈ ಕೆಲಸ ಏನು ಅಂತ ತಿಳಿದುಕೊಳ್ಳಿ

ಆಧ್ಯಾತ್ಮಿಕ ಆರೈಕೆಯ ಕೆಲಸ ಮಾಡುವವರನ್ನು ಚಾಪ್ಲೇನ್ ಅನ್ನುತ್ತಾರೆ. ಚಾಪ್ಲೇನ್ ಅಂದರೆ ಆಸ್ಪತ್ರೆಯಲ್ಲಿ ಪ್ರಾರ್ಥನೆ ಮಾಡಿಸುವ ಫಾದರ್ ಅಥವಾ ಪಾಸ್ಟರ್ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಕೇಳಿದವರಿಗೆ ಪ್ರಾರ್ಥನೆ ಮಾಡುವುದೂ ಕೆಲಸದ ಒಂದು ಭಾಗ ನಿಜ. ಆದರೆ ದಿನದ ಬಹುಪಾಲು ಹೋಗುವುದು ಕೇಳಿಸಿಕೊಳ್ಳುವುದರಲ್ಲಿ. ಕಾಯಿಲೆ, ಸಾವು, ಜೈಲು, ಯುದ್ಧ ಇಂಥವು ಒಬ್ಬ ಮನುಷ್ಯನ ನಂಬಿಕೆಯನ್ನೇ ಅಲ್ಲಾಡಿಸಿದಾಗ ಅವರ ಜೊತೆ ಕೂತು, ಅವರ ನಂಬಿಕೆಯ ಒಳಗೇ ನಿಂತು ಯೋಚಿಸಲು ಸಹಾಯ ಮಾಡುವ ಕೆಲಸ ಇದು. ನಿಮ್ಮ ಧರ್ಮ ಹೇಳಲು ಸಿಕ್ಕ ಅವಕಾಶ ಅಂತ ಇದನ್ನು ನೋಡುವುದಾದರೆ ದಯವಿಟ್ಟು ಈ ಕಡೆ ಬರಬೇಡಿ. ಮಲಗಿರುವ ಮನುಷ್ಯನಿಗೆ ಎದ್ದು ಹೋಗುವ ಶಕ್ತಿ ಇರುವುದಿಲ್ಲ, ಅದನ್ನು ಬಳಸಿಕೊಳ್ಳುವುದು ದೊಡ್ಡ ತಪ್ಪು.

ಚಾಪ್ಲೇನ್ ತರಬೇತಿಯ ಇತಿಹಾಸ ಸ್ವಲ್ಪ ಗೊತ್ತಿರಲಿ. ಆಂಟನ್ ಬೋಯ್ಸನ್ ಅನ್ನುವ ಅಮೆರಿಕದ ಪಾದ್ರಿ 1920ರಲ್ಲಿ ತಾವೇ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಹೊರಬಂದ ಮೇಲೆ, 1925ರ ಬೇಸಿಗೆಯಲ್ಲಿ, ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸ್ಟೇಟ್ ಹಾಸ್ಪಿಟಲ್‌ಗೆ ನಾಲ್ಕು ಜನ ಥಿಯಾಲಜಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರು. ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಮನುಷ್ಯರನ್ನು ಓದಿ, ಪ್ರತಿ ರೋಗಿಯೂ ಒಂದು ಜೀವಂತ ದಾಖಲೆ ಅಂತ ಅವರು ಕಲಿಸಿದರು. ಇವತ್ತು ಪ್ರಪಂಚದ ಎಷ್ಟೋ ಕಡೆ ನಡೆಯುವ ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಶನ್, ಅಂದರೆ ಸಿಪಿಇ, ಅಲ್ಲಿಂದ ಬೆಳೆದದ್ದು.

ಇನ್ನೊಬ್ಬರು ಸಿಸಿಲಿ ಸಾಂಡರ್ಸ್. ನರ್ಸ್ ಆಗಿದ್ದವರು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಆಮೇಲೆ ಓದಿ ಡಾಕ್ಟರ್ ಆದರು, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ (ಕೊನೆ ಹಂತದಲ್ಲಿರುವ ರೋಗಿಗಳನ್ನು ನೋಡಿಕೊಳ್ಳುವ ಜಾಗ) ಶುರು ಮಾಡಿದರು. ನೋವಿನ ಬಗ್ಗೆ ಹೇಳಿ ಅಂತ ಅವರು ಕೇಳಿದಾಗ ಒಬ್ಬ ರೋಗಿ, ಬೆನ್ನಲ್ಲಿ ಶುರುವಾಯಿತು ಡಾಕ್ಟ್ರೇ, ಈಗ ನಾನು ಪೂರ್ತಿಯೇ ಸರಿಯಿಲ್ಲ ಅನ್ನಿಸುತ್ತಿದೆ ಅನ್ನುವ ಅರ್ಥದ ಮಾತು ಹೇಳಿದ್ದರು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ನೋವು, ಆತ್ಮದ ನೋವು ಎಲ್ಲಾ ಸೇರಿದ ‘ಸಮಗ್ರ ನೋವು’ ಅನ್ನುವ ಕಲ್ಪನೆಯನ್ನು ವಿವರಿಸಲು ಸಾಂಡರ್ಸ್ ಮತ್ತೆ ಮತ್ತೆ ಬಳಸಿದ್ದು ಆ ಮಾತನ್ನೇ. ಉಪಶಮನ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್‌ನ, ಇಡೀ ಶಾಸ್ತ್ರ ಒಬ್ಬ ರೋಗಿ ಹೇಳಿದ ಸಾಲಿಗೆ ಕಿವಿಕೊಟ್ಟಿದೆ. ನಿಮ್ಮ ಸಂಶೋಧನೆಯೂ ಹಾಗೇ ಒಂದು ಸಾಲಿನಿಂದ ಶುರುವಾಗಬೇಕು ಅನ್ನುವುದು ನನ್ನ ಆಸೆ. ಆ ಸಾಲು ಕನ್ನಡದಲ್ಲಿ ಇರಲಿ.

ಅಪ್ಲಿಕೇಶನ್ ಹಾಕುವ ಮೊದಲು ವಾರ್ಡಿಗೆ ಹೋಗಿ

ಎಲ್ಲರೂ ಮೊದಲು ಕೇಳುವುದು ಯಾವ ಯೂನಿವರ್ಸಿಟಿ, ಎಷ್ಟು ಫೀಸು ಅಂತ. ಅದು ಆಮೇಲಿನ ಮಾತು. ಮೊದಲು ಒಂದು ಯೂನಿಟ್ ಸಿಪಿಇ ಮಾಡಿ.

ಅಮೆರಿಕದ ಲೆಕ್ಕದಲ್ಲಿ ಒಂದು ಯೂನಿಟ್ ಅಂದರೆ ಕನಿಷ್ಠ 400 ಗಂಟೆ. ಇದರಲ್ಲಿ ವಾರ್ಡ್ ಕೆಲಸ, ಗುಂಪಿನಲ್ಲಿ ಕೂತು ಮಾಡುವ ಚರ್ಚೆ, ಸೂಪರ್‌ವೈಸರ್ ಜೊತೆ ಒಬ್ಬೊಬ್ಬರೇ ಕೂತು ಮಾಡುವ ಮಾತುಕತೆ ಎಲ್ಲಾ ಸೇರುತ್ತದೆ. ಅಲ್ಲಿ ಬೋರ್ಡ್ ಸರ್ಟಿಫೈಡ್, ಅಂದರೆ ವೃತ್ತಿ ಮಂಡಳಿಯ ಪ್ರಮಾಣಪತ್ರ ಇರುವ, ಚಾಪ್ಲೇನ್ ಆಗಬೇಕಾದರೆ ಇಂಥ ನಾಲ್ಕು ಯೂನಿಟ್ ಬೇಕು. ನಮ್ಮ ಪಕ್ಕದಲ್ಲೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚಾಪ್ಲೇನ್ಸಿ ವಿಭಾಗ ಸಿಪಿಇ ನಡೆಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್, ಬ್ಯಾಪ್ಟಿಸ್ಟ್ ಆಸ್ಪತ್ರೆಗಳಲ್ಲಿ ಪ್ಯಾಸ್ಟೋರಲ್ ಕೇರ್ ವಿಭಾಗಗಳಿವೆ. ಅಲ್ಲಿಗೆ ಹೋಗಿ, ಈ ವರ್ಷ ಯಾವ ತರಬೇತಿ ಇದೆ, ಯಾರನ್ನು ಸೇರಿಸಿಕೊಳ್ಳುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ಈಮೇಲ್ ಕಳಿಸಿ ಸುಮ್ನೆ ಕಾಯಬೇಡಿ.

ಸಿಪಿಇ ಮಾಡಲು ಆಗದವರು ಹಾಸ್ಪಿಸ್‌ನಲ್ಲಿ ಸ್ವಯಂಸೇವಕರಾಗಿ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ಕೊನೆ ಹಂತದಲ್ಲಿರುವವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಕೇರಳದಲ್ಲಿ ಕೋಯಿಕ್ಕೋಡಿನ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್ ಇದೆ, ತಿರುವನಂತಪುರದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಕಟ್ಟಿದ ಪ್ಯಾಲಿಯಮ್ ಇಂಡಿಯಾ ಇದೆ. ಮಂಗಳೂರು, ಕೊಡಗು, ಮೈಸೂರು ಕಡೆಯವರಿಗೆ ಕೋಯಿಕ್ಕೋಡು ಏನೂ ದೂರವಲ್ಲ.

ಸಿಪಿಇಯಲ್ಲಿ ಕಲಿಯುವ ದೊಡ್ಡ ವಿದ್ಯೆಯ ಹೆಸರು ವರ್ಬೇಟಿಮ್. ರೋಗಿಯ ಜೊತೆ ಆಡಿದ ಮಾತನ್ನು ಅದೇ ದಿನ, ನೆನಪಿನಿಂದ, ಒಂದೊಂದು ಸಾಲಾಗಿ ಬರೆಯುವುದು. ಮೌನವನ್ನೂ ಬರೆಯಬೇಕು, ಅವರು ಮುಖ ತಿರುಗಿಸಿದ್ದನ್ನೂ ಬರೆಯಬೇಕು. ನನ್ನ ಹಳೆಯ ಪುಸ್ತಕದಿಂದ ಒಂದು ತುಣುಕು, ಗುರುತು ಸಿಗದ ಹಾಗೆ ಬದಲಾಯಿಸಿ ಕೊಡುತ್ತಿದ್ದೇನೆ (ಚಾ ಅಂದರೆ ಚಾಪ್ಲೇನ್, ರೋ ಅಂದರೆ ರೋಗಿ):

ಚಾ 1: ಅಮ್ಮ, ಸ್ವಲ್ಪ ಹೊತ್ತು ಕೂತ್ಕೊಳ್ಳಲಾ?

ರೋ 1: ಕೂತ್ಕೊ ಮಗ. ಯಾರೂ ಬರಲ್ಲ ಇಲ್ಲಿಗೆ.

ಚಾ 2: ಮನೆಯವರು?

ರೋ 2: ಬರ್ತಾರೆ, ಬಂದು ಫೋನ್ ನೋಡ್ತಾ ಕೂರ್ತಾರೆ. (ಮೌನ) ನಾನು ಮಾಡಿದ್ದು ನಾನೇ ತೀರಿಸಬೇಕಲ್ಲ.

ಚಾ 3: ದೇವರು ಕೈಬಿಡಲ್ಲ ಅಮ್ಮ.

ರೋ 3: ಹ್ಞೂಂ. (ಗೋಡೆ ಕಡೆ ತಿರುಗಿದರು.)

ಇದನ್ನು ಗುಂಪಿನಲ್ಲಿ ಓದಿದಾಗ ಸೂಪರ್‌ವೈಸರ್ ಕೇಳಿದ್ದು ಒಂದೇ ಪ್ರಶ್ನೆ. ‘ಮೂರನೇ ಸಾಲು ಯಾರ ಸಮಾಧಾನಕ್ಕೆ ಹೇಳಿದ್ದು?’ ನನ್ನ ಸಮಾಧಾನಕ್ಕೆ. ‘ನಾನು ಮಾಡಿದ್ದು’ ಅಂತ ಆ ತಾಯಿ ಒಂದು ಬಾಗಿಲು ತೆರೆದಿದ್ದರು, ಏನು ಮಾಡಿದ್ದು ಅಮ್ಮ ಅಂತ ಕೇಳುವ ಧೈರ್ಯ ನನಗಿರಲಿಲ್ಲ, ಅದಕ್ಕೇ ದೇವರ ಹೆಸರು ಹೇಳಿ ಆ ಬಾಗಿಲು ಮುಚ್ಚಿಬಿಟ್ಟೆ. ಮುಂದೆ ಸಂಶೋಧನೆಯಲ್ಲಿ ಸಂದರ್ಶನ ಮಾಡುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಮೆಥಡಾಲಜಿ ಕ್ಲಾಸುಗಳಲ್ಲ, ಈ ಪಾಠ.

ಹಾಗಾಗಿ ಇವತ್ತೇ ಒಂದು ನೋಟ್‌ಬುಕ್ ಇಡಿ. ಹೆಸರು, ಬೆಡ್ ನಂಬರು ಯಾವುದನ್ನೂ ಬರೆಯಬೇಡಿ. ರೋಗಿಗಳು, ಮನೆಯವರು, ಸಿಸ್ಟರ್‌ಗಳು ಹೇಳಿದ ಮಾತು, ಅವರ ಬಾಯಲ್ಲಿ ಬಂದ ಹಾಗೇ, ಅದೇ ಊರಿನ ಕನ್ನಡದಲ್ಲಿ ಬರೆಯಿರಿ. ಆರು ತಿಂಗಳಿಗೆ ನಿಮ್ಮ ಪ್ರಶ್ನೆ ಅಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ, ಇದು ಪ್ರಶ್ನೆ ಹುಡುಕಲು ಮಾತ್ರ. ಒಪ್ಪಿಗೆ ಇಲ್ಲದೆ ಬರೆದುಕೊಂಡದ್ದನ್ನು ಪ್ರಬಂಧದಲ್ಲಿ ಡೇಟಾ ಅಂತ ಹಾಕುವ ಹಾಗಿಲ್ಲ.

ಯಾವ ಡಿಗ್ರಿ, ಎಲ್ಲಿ

ಇಲ್ಲಿ ಅವಸರ ಮಾಡಿ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ದಾರಿ ಥಿಯಾಲಜಿಯದು. ಪಶ್ಚಿಮ ಬಂಗಾಳದಲ್ಲಿ 1818ರಲ್ಲಿ ಶುರುವಾದ ಸೆರಾಂಪುರ ಕಾಲೇಜಿಗೆ 1827ರಲ್ಲಿ ರಾಜಸನ್ನದು ಸಿಕ್ಕಿ ಡಿಗ್ರಿ ಕೊಡುವ ಅಧಿಕಾರ ಬಂತು. ಈಗ ಸೆನೆಟ್ ಆಫ್ ಸೆರಾಂಪುರದ ಕೆಳಗೆ ದೇಶದ ಎಷ್ಟೋ ಥಿಯಾಲಜಿ ಕಾಲೇಜುಗಳಿವೆ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು 1910ರದ್ದು, ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಮುಗಿಸಿದವರು ಅಲ್ಲಿ ಎಂಟಿಎಚ್ ಮಾಡಬಹುದು, ಆರೈಕೆ ಮತ್ತು ಕೌನ್ಸೆಲಿಂಗ್ ಕಡೆ ಹೋಗಬಹುದು. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಇದೆ. ಬಾಸೆಲ್ ಮಿಷನ್ ಕಾಲದ ಕನ್ನಡ ಧಾರ್ಮಿಕ ಭಾಷೆಯ ಮೇಲೆ ಕೆಲಸ ಮಾಡುವವರು ಅಲ್ಲಿನ ಹಳೆಯ ದಾಖಲೆಗಳನ್ನು ನೋಡಲೇಬೇಕು. ಬೆಂಗಳೂರಿನಲ್ಲೇ ಸಯಾಕ್ಸ್ ಅನ್ನುವ ಥಿಯಾಲಜಿ ಸಂಸ್ಥೆ ಇದೆ, ಕ್ಯಾಥೊಲಿಕರಿಗೆ ಧರ್ಮಾರಾಮ್ ಕಾಲೇಜು ಇದೆ.

ಎರಡನೆಯದು ಸಾಮಾನ್ಯ ಯೂನಿವರ್ಸಿಟಿ ದಾರಿ. ಸೈಕಾಲಜಿ, ಸಮಾಜಕಾರ್ಯ, ಸಮಾಜಶಾಸ್ತ್ರ, ನರ್ಸಿಂಗ್ ಯಾವ ವಿಭಾಗದಲ್ಲಾದರೂ ಈ ವಿಷಯ ತೆಗೆದುಕೊಳ್ಳಬಹುದು, ‘ಚಾಪ್ಲೇನ್ಸಿ’ ಅನ್ನುವ ವಿಭಾಗವನ್ನೇ ಹುಡುಕುತ್ತಾ ಕೂರಬೇಡಿ. ಕ್ರೈಸ್ತರಲ್ಲದವರಿಗೆ ಕರ್ನಾಟಕದಲ್ಲಿ ಸುಲಭವಾಗಿ ಸಿಗುವ ಬಾಗಿಲು ಇದೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿ ಮುಗಿಸಿ ಬರುವವರಿಗೆ ಅದರಲ್ಲಿ 55 ಪರ್ಸೆಂಟ್ ಬೇಕು, ಮೀಸಲಾತಿ ವರ್ಗದವರಿಗೆ ಮತ್ತು ಅಂಗವಿಕಲರಿಗೆ 5 ಪರ್ಸೆಂಟ್ ವಿನಾಯಿತಿ ಇದೆ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಜಾಸ್ತಿ ಸಿಗುತ್ತದೆ. ಕೆಲಸದಲ್ಲಿರುವವರು ಪಾರ್ಟ್ ಟೈಮ್ ಮಾಡಬಹುದು, ಆದರೆ ನಿಮ್ಮ ಆಸ್ಪತ್ರೆಯಿಂದ ಅಭ್ಯಂತರ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ಬೇಕು. ದೂರಶಿಕ್ಷಣದಲ್ಲಿ ಅಥವಾ ಪೂರ್ತಿ ಆನ್‌ಲೈನಿನಲ್ಲಿ ಪಿಎಚ್‌ಡಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟಬೇಡಿ, ಯುಜಿಸಿ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ.

ಈ ಎರಡು ದಾರಿಯ ನಡುವೆ ದಾಟುವವರು ಒಂದು ಕೆಲಸ ತಪ್ಪದೆ ಮಾಡಿ. ಬಿ.ಡಿ., ಎಂಟಿಎಚ್ ಇಟ್ಟುಕೊಂಡು ಯೂನಿವರ್ಸಿಟಿಯ ಪಿಎಚ್‌ಡಿಗೆ ಹೋಗುವುದಾದರೆ, ನಿಮ್ಮ ಡಿಗ್ರಿಯನ್ನು ಆ ವಿಭಾಗ ಅರ್ಹತೆ ಅಂತ ಒಪ್ಪುತ್ತದಾ ಅಂತ ಮೊದಲೇ ರಿಜಿಸ್ಟ್ರಾರ್ ಕಚೇರಿಯಿಂದ ಲಿಖಿತವಾಗಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು. ನನಗೆ ಪರಿಚಯದ ಒಬ್ಬರು ಒಂದು ವರ್ಷ ಕೋರ್ಸ್‌ವರ್ಕ್ ಮುಗಿಸಿದ ಮೇಲೆ ‘ನಿಮ್ಮ ಡಿಗ್ರಿ ಸಮಾನ ಅಲ್ಲ’ ಅನ್ನುವ ಪತ್ರ ಬಂತು. ಆ ವರ್ಷ ಅವರಿಗೆ ವಾಪಸ್ ಸಿಗಲಿಲ್ಲ.

ಹೊರದೇಶಕ್ಕೆ ಹೋಗುವವರಿಗೆ ಆಯ್ಕೆ ಜಾಸ್ತಿ. ಸ್ಕಾಟ್ಲೆಂಡಿನ ಅಬರ್ಡೀನ್ ಯೂನಿವರ್ಸಿಟಿಯ ಜಾನ್ ಸ್ವಿಂಟನ್ ಹೆಸರು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಅವರು ವರ್ಷಗಟ್ಟಲೆ ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್ ಆಗಿದ್ದು, ಆಮೇಲೆ ಚಾಪ್ಲೇನ್ ಆಗಿ, ಪ್ರೊಫೆಸರ್ ಆದವರು. ನರ್ಸಿಂಗ್‌ನಿಂದ ಬರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಸ್ಲಿಂ ಚಾಪ್ಲೇನ್ಸಿ ಬಗ್ಗೆ ಕಾರ್ಡಿಫ್‌ನಲ್ಲಿ ಸೋಫಿ ಗಿಲಿಯಟ್-ರೇ ಬಹಳ ಕೆಲಸ ಮಾಡಿದ್ದಾರೆ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಇಸ್ಲಾಮಿಕ್ ಚಾಪ್ಲೇನ್ಸಿಗೆ ಬೇರೆ ಕೋರ್ಸೇ ಇದೆ. ಟೊರಾಂಟೋದ ಇಮ್ಯಾನುಯೆಲ್ ಕಾಲೇಜಿನಲ್ಲಿ ಬೌದ್ಧರಿಗೂ ಮುಸ್ಲಿಮರಿಗೂ ಆರೈಕೆಯ ತರಬೇತಿ ಇದೆ. ದೇವರನ್ನು ನಂಬದವರೂ ಈ ಕೆಲಸ ಮಾಡಬಹುದು ಅನ್ನುವುದಕ್ಕೆ ನೆದರ್ಲೆಂಡ್ಸ್ ನೋಡಿ, ಯುಟ್ರೆಕ್ಟ್‌ನಲ್ಲಿ ಮಾನವತಾವಾದಿ ಅಧ್ಯಯನಕ್ಕೆ ಅಂತಲೇ ಒಂದು ಯೂನಿವರ್ಸಿಟಿ ಇದೆ. ಪ್ರಿನ್ಸ್‌ಟನ್ ಯೂನಿವರ್ಸಿಟಿ 2008ರಲ್ಲಿ ಹಿಂದೂ ಚಾಪ್ಲೇನ್ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿಕೊಂಡಿತು.

ಅಮೆರಿಕಕ್ಕೆ ಹೋಗುವವರು ಡಿಮಿನ್ (ಡಾಕ್ಟರ್ ಆಫ್ ಮಿನಿಸ್ಟ್ರಿ) ಬೇರೆ, ಪಿಎಚ್‌ಡಿ ಬೇರೆ ಅನ್ನುವುದನ್ನು ತಿಳಿದಿರಬೇಕು. ಡಿಮಿನ್ ಕೆಲಸದಲ್ಲಿ ಇರುವವರಿಗಾಗಿ ಮಾಡಿದ್ದು, ನಿಮ್ಮ ಸೇವೆಯನ್ನೇ ಪರೀಕ್ಷಿಸಿ ಸುಧಾರಿಸುವ ಪ್ರಾಜೆಕ್ಟ್ ಇರುತ್ತದೆ. ಕಾಲೇಜಿನಲ್ಲಿ ಪಾಠ ಮಾಡಬೇಕು, ಮುಂದೆ ಸಂಶೋಧನೆಯಲ್ಲೇ ಇರಬೇಕು ಅನ್ನುವವರು ಪಿಎಚ್‌ಡಿಗೇ ಹೋಗಿ. ಹಣದ ವಿಷಯಕ್ಕೆ ಬಂದರೆ, ಬ್ರಿಟನ್ನಿಗೆ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಇದೆ, ಇಲ್ಲೇ ಸಮಾಜ ವಿಜ್ಞಾನದಲ್ಲಿ ಮಾಡುವವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ, ಅಂದರೆ ಐಸಿಎಸ್‌ಎಸ್‌ಆರ್ ಡಾಕ್ಟೋರಲ್ ಫೆಲೋಶಿಪ್, ನೆಟ್ ಪರೀಕ್ಷೆಯಲ್ಲಿ ಅದಕ್ಕೆ ಅರ್ಹತೆ ಪಡೆದವರಿಗೆ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್ ಇದೆ. ಮನೆ ಅಡ ಇಟ್ಟು ಹೋಗಬೇಡಿ. ಈ ಕ್ಷೇತ್ರದಲ್ಲಿ ಸಂಬಳ ಆ ಸಾಲ ತೀರಿಸುವಷ್ಟು ಬರುವುದಿಲ್ಲ.

ಪ್ರಶ್ನೆ ಚಿಕ್ಕದು ಮಾಡಿಕೊಳ್ಳಿ

‘ಕ್ಯಾನ್ಸರ್ ರೋಗಿಗಳಲ್ಲಿ ಆಧ್ಯಾತ್ಮಿಕತೆ’ ಅಂತ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ, ಬರೆದುಕೊಂಡು ಬರುವವರು ತುಂಬಾ ಜನ. ಅದರಲ್ಲಿ ಹತ್ತು ಜನಕ್ಕೆ ಆಗುವಷ್ಟು ಪಿಎಚ್‌ಡಿ ಇದೆ. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಬಾಯಿಂದ ಅಂತ ಕೇಳಿಕೊಳ್ಳುತ್ತಾ ಹೋಗಿ, ಪ್ರಶ್ನೆ ತಾನಾಗಿ ಸಣ್ಣದಾಗುತ್ತದೆ.

ನನಗೆ ಮುಖ್ಯ ಅನ್ನಿಸುವ ಕೆಲವು ಹೇಳುತ್ತೇನೆ, ಯಾರು ಬೇಕಾದರೂ ತೆಗೆದುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಚಾಪ್ಲೇನ್ ಅನ್ನುವ ಹುದ್ದೆಯೇ ಇಲ್ಲ, ಹಾಗಾದರೆ ರಾತ್ರಿ ಎರಡು ಗಂಟೆಗೆ ಅಳುವವರ ಪಕ್ಕ ಕೂರುವವರು ಯಾರು? ನಾನು ನೋಡಿದ ಮಟ್ಟಿಗೆ ಆಯಾ, ಪಕ್ಕದ ಬೆಡ್ಡಿನವರ ಮನೆಯವರು, ಕೆಲವೊಮ್ಮೆ ಸೆಕ್ಯುರಿಟಿ ಗಾರ್ಡ್. ಅವರು ಏನು ಹೇಳುತ್ತಾರೆ, ಅದನ್ನು ಎಲ್ಲಿ ಕಲಿತರು? ಇದರ ಮೇಲೆ ಯಾರಾದರೂ ಕೆಲಸ ಮಾಡಬೇಕು ಅಂತ ನನಗೆ ತುಂಬಾ ಆಸೆ. ಇನ್ನೊಂದು, ‘ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ’ ಅಂತ ಮನೆಯವರು ಕಾಯಿಲೆಯ ಹೆಸರು ಮುಚ್ಚಿಡುತ್ತಾರೆ, ಅಪ್ಪನಿಗೆ ಎಲ್ಲಾ ಗೊತ್ತಿರುತ್ತದೆ, ಅವರೂ ಗೊತ್ತಿಲ್ಲದ ಹಾಗೆ ಇರುತ್ತಾರೆ. ಎರಡು ಕಡೆಯವರೂ ಒಂಟಿಯಾಗಿ ದುಃಖ ಪಡುವ ಆ ಮನೆಗಳಲ್ಲಿ ಆಧ್ಯಾತ್ಮಿಕ ಆರೈಕೆ ಅಂದರೆ ಏನು? ಹುಟ್ಟಿದ ಎರಡೇ ದಿನಕ್ಕೆ ತೀರಿಕೊಂಡ ಮಗುವಿಗೆ ಎಷ್ಟೋ ಮನೆಗಳಲ್ಲಿ ಯಾವ ಶಾಸ್ತ್ರವೂ ಇರುವುದಿಲ್ಲ, ಆ ತಾಯಿ ಯಾವ ಮಾತಿನಲ್ಲಿ ದುಃಖ ಪಡುತ್ತಾಳೆ? ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುವವರು, ಹತ್ತು ವರ್ಷ ಜೈಲಿನಲ್ಲಿದ್ದವರು, ಇವರ ಬಗ್ಗೆ ಕನ್ನಡದಲ್ಲಿ ಕೂತು ಕೇಳಿದವರು ಬಹಳ ಕಡಿಮೆ.

ಓದುವುದು

ಅಮೆರಿಕದ ಡಾಕ್ಟರ್ ಕ್ರಿಸ್ಟಿನಾ ಪುಚಾಲ್ಸ್ಕಿ ಅವರ ಫಿಕಾ ಅನ್ನುವ ಪ್ರಶ್ನಾಕ್ರಮದಿಂದ ಶುರು ಮಾಡಿ. ನಂಬಿಕೆ ಏನು, ಅದು ನಿಮಗೆ ಎಷ್ಟು ಮುಖ್ಯ, ನಿಮ್ಮ ಜೊತೆಯವರು ಯಾರು, ಆರೈಕೆಯಲ್ಲಿ ನಾವು ಇದನ್ನು ಹೇಗೆ ಗಮನಿಸಬೇಕು, ಇಷ್ಟೇ. ಶಿಕಾಗೋದ ರಶ್ ಯೂನಿವರ್ಸಿಟಿಯ ಜಾರ್ಜ್ ಫಿಚೆಟ್ ಚಾಪ್ಲೇನ್‌ಗಳು ಸಂಶೋಧನೆ ಓದಲು ಕಲಿಯಲೇಬೇಕು ಅಂತ ವರ್ಷಗಟ್ಟಲೆ ಹೋರಾಡಿದವರು, ಅವರು ಪ್ರೋತ್ಸಾಹಿಸಿದ ಕೇಸ್ ಸ್ಟಡಿಗಳನ್ನು ಓದಿ. ಸಮಾಜಶಾಸ್ತ್ರದ ಕಡೆಯಿಂದ ವೆಂಡಿ ಕ್ಯಾಜ್ ಬರೆದದ್ದನ್ನು ಓದಿ. ಯುರೋಪಿನ ಕೆಲಸಕ್ಕೆ ಬೆಲ್ಜಿಯಂನ ಲೂವೆನ್‌ನಲ್ಲಿರುವ ಎರಿಕ್ ಅನ್ನುವ ಚಾಪ್ಲೇನ್ಸಿ ಸಂಶೋಧನಾ ಸಂಸ್ಥೆಯದ್ದನ್ನು ನೋಡಿ.

ನಮ್ಮ ದೇಶದ್ದು ಕಡಿಮೆ, ಆದರೆ ಇದೆ. ಜೋರಿಸ್ ಗಿಲೆನ್, ಆಗ ಏಮ್ಸ್‌ನಲ್ಲಿದ್ದ ಸುಷ್ಮಾ ಭಟ್ನಾಗರ್, ನಿಮ್ಹಾನ್ಸ್‌ನಲ್ಲಿದ್ದ ಸಂತೋಷ್ ಚತುರ್ವೇದಿ ಸೇರಿ ದೆಹಲಿಯ ಉಪಶಮನ ಆರೈಕೆ ರೋಗಿಗಳಿಗಾಗಿ ಹಿಂದಿಯಲ್ಲಿ ಪ್ರಶ್ನಾವಳಿ ಕಟ್ಟಿದ್ದಾರೆ. ಕರ್ಮ, ದೇವರು, ಅನ್ಯಾಯ ಇವೆಲ್ಲಾ ಇಲ್ಲಿನ ಜನ ಹೇಗೆ ಮಾತಾಡುತ್ತಾರೋ ಹಾಗೆ ಕೇಳಲು ಪ್ರಯತ್ನಿಸಿದ್ದಾರೆ. ಕನ್ನಡದಲ್ಲಿ ಏನು ಮಾಡಬಹುದು ಅನ್ನುವುದಕ್ಕೆ ಅದು ಒಳ್ಳೆಯ ಮಾದರಿ. ಇಂಡಿಯನ್ ಜರ್ನಲ್ ಆಫ್ ಪ್ಯಾಲಿಯೇಟಿವ್ ಕೇರ್ ಉಚಿತವಾಗಿ ಓದಲು ಸಿಗುತ್ತದೆ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ವೆಬ್‌ಸೈಟಿನಲ್ಲಿ ಹಳೆಯ ಪ್ರಬಂಧಗಳನ್ನು ಹುಡುಕಿ, ಕರ್ನಾಟಕದ ಯೂನಿವರ್ಸಿಟಿಗಳ ನರ್ಸಿಂಗ್, ಸೈಕಾಲಜಿ ವಿಭಾಗಗಳಿಂದ ಶುರು ಮಾಡಿ.

ಓದಿದ ಪ್ರತಿಯೊಂದಕ್ಕೂ ಎರಡು ಸಾಲು ಕನ್ನಡದಲ್ಲಿ ಬರೆದಿಡಿ. ಕನ್ನಡದಲ್ಲಿ ಬರೆಯಲು ಆಗಲಿಲ್ಲ ಅಂದರೆ ಅರ್ಥವಾಗಿಲ್ಲ ಅಂತ ತಿಳಿದು ಮತ್ತೆ ಓದಿ.

ಕನ್ನಡದಲ್ಲಿ ಕೇಳುವುದು

ನಾನು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು.

‘ಸ್ಪಿರಿಚುವಲ್’ ಅನ್ನುವುದಕ್ಕೆ ನಾವು ‘ಆಧ್ಯಾತ್ಮಿಕ’ ಅಂತ ಹಾಕಿಬಿಡುತ್ತೇವೆ. ನಾನೂ ಈ ಲೇಖನದ ಉದ್ದಕ್ಕೂ ಹಾಕಿದ್ದೇನೆ, ಬೇರೆ ಪದ ಇಲ್ಲ. ಆದರೆ ವಾರ್ಡಿನಲ್ಲಿ ‘ನಿಮಗೆ ಆಧ್ಯಾತ್ಮಿಕ ತೊಂದರೆ ಏನಾದರೂ ಇದೆಯಾ’ ಅಂತ ಕೇಳಿ ನೋಡಿ. ಜನರಿಗೆ ನೆನಪಾಗುವುದು ಸ್ವಾಮೀಜಿ, ಪ್ರವಚನ, ಧ್ಯಾನ. ‘ನಾವೆಲ್ಲಾ ಅಷ್ಟು ದೊಡ್ಡವರಲ್ಲ ಸಾರ್, ಕೂಲಿ ಮಾಡೋರು’ ಅಂತ ಒಬ್ಬರು ನನಗೆ ಹೇಳಿದರು. ಅದೇ ಮನುಷ್ಯ ಹತ್ತು ನಿಮಿಷದ ನಂತರ, ತಮ್ಮನ ಜೊತೆ ಹೊಲದ ಬದುವಿಗೆ ಜಗಳ ಆಡಿ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದನ್ನು ಹೇಳಿ, ಅವನು ಬಂದು ನೀರು ಬಿಡದೆ ನನ್ನ ಜೀವ ಹೋಗಲ್ಲ ಅಂದರು. ಇದಕ್ಕಿಂತ ದೊಡ್ಡ ಆಧ್ಯಾತ್ಮಿಕ ಮಾತು ಇನ್ನೇನು ಬೇಕು?

ಜನ ಬಳಸುವ ಪದಗಳು ಬೇರೆಯೇ ಇವೆ. ಹಣೆಬರಹ, ಋಣ, ಕರ್ಮ, ಶಾಪ, ಹರಕೆ ತೀರಿಸದೆ ಉಳಿದಿದ್ದು, ಮನೆದೇವರ ಮುನಿಸು, ಜೀವ ಒದ್ದಾಡುವುದು, ನೆಮ್ಮದಿ. ‘ಶಾಂತಿ’ ಅಂತ ಕೇಳಿದಾಗ ಶಾಂತಿ ಮಾಡಿಸಿದ್ದನ್ನು, ಅಂದರೆ ಪೂಜೆಯನ್ನು ಹೇಳುವವರಿದ್ದಾರೆ. ‘ನೆಮ್ಮದಿ’ ಅಂದರೆ ತಕ್ಷಣ ಅರ್ಥವಾಗುತ್ತದೆ. ‘ಸಮಾಧಾನ’ ಅಂದರೆ ಕ್ರೈಸ್ತರಿಗೆ ಬೈಬಲ್ಲಿನ ಅರ್ಥ, ಬೇರೆಯವರಿಗೆ ಯಾರೋ ಸಂತೈಸಿದ್ದು. ಕಲಬುರಗಿ ಕಡೆಯವರು, ಮಂಗಳೂರಿನ ಬ್ಯಾರಿ ಮನೆಯವರು, ಬೆಂಗಳೂರಿನ ತೆಲುಗು ಬೆರೆತ ಕನ್ನಡದವರು, ಎಲ್ಲರಿಗೂ ಒಂದೇ ಹಾಳೆ ಕೊಟ್ಟು ಟಿಕ್ ಮಾಡಿ ಅಂದರೆ ಟಿಕ್ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಹಾಗಾಗಿ ಇಂಗ್ಲಿಷ್ ಪ್ರಶ್ನಾವಳಿ ಬಳಸುವುದಾದರೆ ಹೀಗೆ ಮಾಡಿ. ಮೊದಲು ಅದರ ಹಕ್ಕು ಇರುವವರಿಂದ ಅನುಮತಿ ತೆಗೆದುಕೊಳ್ಳಿ, ಕನ್ನಡ ರೂಪ ಈಗಾಗಲೇ ಇದೆಯಾ ಅಂತಲೂ ಅವರನ್ನೇ ಕೇಳಿ. ಇಲ್ಲದಿದ್ದರೆ ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಸೇರಿಸಿ ಒಂದು ಮಾಡಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರಬೇಕು, ಎಲ್ಲಿ ಅರ್ಥ ಜಾರಿತು ಅಂತ ಕೂತು ನೋಡಬೇಕು. ಆಮೇಲೆ ಏಳೆಂಟು ರೋಗಿಗಳಿಗೆ ಓದಿ ಹೇಳಿ, ‘ಇದರಲ್ಲಿ ನಾನು ಏನು ಕೇಳಿದೆ ಅಂತ ನಿಮ್ಮ ಮಾತಿನಲ್ಲಿ ಹೇಳಿ’ ಅನ್ನಬೇಕು. ಈ ಕೊನೆಯ ಹೆಜ್ಜೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನಾನು ಬಿಟ್ಟಿದ್ದೆ, ಅದಕ್ಕೇ ಕೋಲಾರದ ಅಜ್ಜಿಯ ಮುಂದೆ ಹಾಗಾಯಿತು.

ಮೊದಲ ಸಲ ಮಾಡುವವರು ಸಂದರ್ಶನದ ಕಡೆಗೇ ಹೋಗಿ ಅಂತ ನನ್ನ ಸಲಹೆ. ಹದಿನೈದು ಇಪ್ಪತ್ತು ಜನರ ಜೊತೆ ಆಳವಾಗಿ ಮಾತಾಡಿದರೂ ಒಳ್ಳೆಯ ಪ್ರಬಂಧವಾಗುತ್ತದೆ. ರೆಕಾರ್ಡ್ ಮಾಡಿದ್ದನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಕೋಡಿಂಗ್, ಅಂದರೆ ಮಾತುಗಳನ್ನು ವಿಷಯವಾರು ಗುರುತು ಹಾಕಿ ವಿಂಗಡಿಸುವುದನ್ನೂ, ಕನ್ನಡದಲ್ಲೇ ಮಾಡಿ, ಪ್ರಬಂಧದಲ್ಲಿ ಹಾಕುವ ಸಾಲುಗಳನ್ನು ಮಾತ್ರ ಕೊನೆಗೆ ಇಂಗ್ಲಿಷ್ ಮಾಡಿ, ಪಕ್ಕದಲ್ಲಿ ಮೂಲ ಇರಲಿ. ಗೈಡ್‌ಗೆ ಕನ್ನಡ ಬರದಿದ್ದರೆ ಕನ್ನಡ ಬರುವ ಇನ್ನೊಬ್ಬರನ್ನು ಸಹ ಮಾರ್ಗದರ್ಶಕರಾಗಿ ಕೇಳಿ. ಮೊದಲೇ ಇಂಗ್ಲಿಷಿಗೆ ತಂದುಬಿಟ್ಟರೆ ‘ಋಣ’ ಅನ್ನುವುದು ಬರೀ ಸಾಲ ಆಗಿ, ಅಲ್ಲಿಗೆ ನಿಮ್ಮ ಸಂಶೋಧನೆಯ ಜೀವ ಹೋಗುತ್ತದೆ.

ಎಥಿಕ್ಸ್ ಕಮಿಟಿ

ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಬಗ್ಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೊಟ್ಟ 2017ರ ಮಾರ್ಗಸೂಚಿ ಓದಿಕೊಂಡು ಹೋಗಿ. ಆಸ್ಪತ್ರೆಯ ಕಮಿಟಿ ಒಪ್ಪದೆ ಒಬ್ಬ ರೋಗಿಯನ್ನೂ ಸಂದರ್ಶನ ಮಾಡಬೇಡಿ. ಯೂನಿವರ್ಸಿಟಿಯದ್ದು ಬೇರೆ, ಆಸ್ಪತ್ರೆಯದ್ದು ಬೇರೆ, ಎರಡೂ ಬೇಕಾಗಬಹುದು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ನಿಮ್ಮ ವೇಳಾಪಟ್ಟಿಯಲ್ಲಿ ಹಾಕಿಕೊಳ್ಳಿ.

ನಮ್ಮ ವಿಷಯದಲ್ಲಿ ವಿಶೇಷವಾಗಿ ನೋಡಬೇಕಾದ್ದು ಮಾಹಿತಿ ಪತ್ರ. ರೋಗಿಗೆ ತನ್ನ ಕಾಯಿಲೆಯ ಹೆಸರು ಗೊತ್ತಿಲ್ಲದಿರಬಹುದು. ನೀವು ‘ಕೊನೆ ಹಂತದ ಕ್ಯಾನ್ಸರ್ ರೋಗಿಗಳ ಅನುಭವ’ ಅಂತ ದಪ್ಪ ಅಕ್ಷರದಲ್ಲಿ ತಲೆಬರಹ ಹಾಕಿ ಕೈಗೆ ಕೊಟ್ಟರೆ, ಡಾಕ್ಟರೂ ಮನೆಯವರೂ ಹೇಳದ್ದನ್ನು ಒಂದು ಹಾಳೆ ಹೇಳಿಬಿಡುತ್ತದೆ. ‘ಗಂಭೀರ ಕಾಯಿಲೆ’ ಅಂತ ಬರೆಯಿರಿ, ಯಾರಿಗೆ ಎಷ್ಟು ಗೊತ್ತು ಅಂತ ವಾರ್ಡಿನ ಡಾಕ್ಟರನ್ನು ಮೊದಲು ಕೇಳಿ. ಓದಲು ಬರದವರಿಗೆ ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸುವಾಗ ನಿಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಇರಬೇಕು. ಮಾತಿನ ನಡುವೆ ಯಾರಾದರೂ ಕುಸಿದರೆ ಯಾರಿಗೆ ಹೇಳುತ್ತೀರಿ, ಸಾಯುವ ಮಾತಾಡಿದರೆ ಏನು ಮಾಡುತ್ತೀರಿ ಅಂತ ಮೊದಲೇ ಬರೆದಿಟ್ಟಿರಬೇಕು.

ನೀವು ಅದೇ ವಾರ್ಡಿನ ಚಾಪ್ಲೇನ್ ಅಥವಾ ಸಿಸ್ಟರ್ ಆಗಿದ್ದರೆ, ರೋಗಿ ನಿಮಗೆ ಇಲ್ಲ ಅನ್ನುವುದು ಕಷ್ಟ. ಒಪ್ಪಿಗೆಯನ್ನು ಬೇರೆಯವರಿಂದ ಕೇಳಿಸಿ. ಸಂದರ್ಶನದ ದಿನ ಬೇರೆ, ಭೇಟಿಯ ದಿನ ಬೇರೆ ಇಟ್ಟುಕೊಳ್ಳಿ. ರೆಕಾರ್ಡರ್ ಆಫ್ ಮಾಡಿದ ಮೇಲೆ ಹೇಳಿದ್ದು ಡೇಟಾ ಅಲ್ಲ. ಎಷ್ಟು ಚೆನ್ನಾಗಿದ್ದರೂ ಅಲ್ಲ.

ಗೈಡ್, ಮತ್ತು ನಿಮ್ಮ ಮೈ-ಮನಸ್ಸು

ದೊಡ್ಡ ಹೆಸರಿಗಿಂತ, ನೀವು ಬರೆದದ್ದನ್ನು ಓದಿ ವಾಪಸ್ ಕೊಡುವ ಗೈಡ್ ಮುಖ್ಯ. ಅವರ ಹಿಂದಿನ ವಿದ್ಯಾರ್ಥಿಗಳ ಜೊತೆ ಒಂದು ಕಾಫಿ ಕುಡಿಯಿರಿ, ಎಲ್ಲಾ ಗೊತ್ತಾಗುತ್ತದೆ. ಎರಡು ಪುಟದ ಟಿಪ್ಪಣಿ, ಅದರಲ್ಲಿ ಒಂದೇ ಪ್ರಶ್ನೆ, ಯಾಕೆ ಆ ಪ್ರಶ್ನೆ ಅನ್ನುವುದಕ್ಕೆ ವಾರ್ಡಿನ ಒಂದು ಘಟನೆ, ಇಷ್ಟು ಇಟ್ಟುಕೊಂಡು ಮೊದಲ ಸಲ ಭೇಟಿ ಮಾಡಿ.

ಸಾವಿನ ಮಾತು ದಿನಾ ಕೇಳಿಸಿಕೊಳ್ಳುವುದು, ರಾತ್ರಿ ಅದನ್ನೇ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿ ಬರೆಯುವುದು, ಇದು ಮೈಗೆ ಹತ್ತುತ್ತದೆ. ತೀರಿಕೊಂಡವರ ದನಿ ಅದು ಅಂತ ಗೊತ್ತಿದ್ದೂ ಕೇಳಬೇಕಾಗುತ್ತದೆ. ನನಗೆ ಮೂರನೇ ವರ್ಷ ನಿದ್ದೆ ಹೋಯಿತು. ಮನೆಯವರು ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದೆ. ಕೊನೆಗೆ ನನ್ನ ಹಳೆಯ ಸಿಪಿಇ ಗುಂಪಿನವರನ್ನೇ ತಿಂಗಳಿಗೊಮ್ಮೆ ಕೂರಿಸಿಕೊಂಡು ಮಾತಾಡಲು ಶುರು ಮಾಡಿದೆ, ಆಗ ಉಸಿರಾಡಲು ಆಯಿತು. ನೀವು ಮೂರನೇ ವರ್ಷದವರೆಗೆ ಕಾಯಬೇಡಿ, ಮೊದಲ ತಿಂಗಳಲ್ಲೇ ಅಂಥ ಇಬ್ಬರು ಮೂವರನ್ನು ಗೊತ್ತುಮಾಡಿಕೊಳ್ಳಿ. ದಿನಕ್ಕೆ ಒಂದು ಸಂದರ್ಶನಕ್ಕಿಂತ ಜಾಸ್ತಿ ಬೇಡ. ಬರೆದುಕೊಳ್ಳುವ ಕೆಲಸ ಬೆಳಗಿನ ಹೊತ್ತು ಮಾಡಿ.

ಮುಗಿದ ಮೇಲೆ ವಾರ್ಡಿಗೆ ವಾಪಸ್ ಹೋಗಿ

ವೈವಾ ಆಯಿತು, ಪ್ರಬಂಧ ಶೋಧಗಂಗಾಕ್ಕೆ ಹೋಯಿತು. ಇನ್ನೊಂದು ಕೆಲಸ ಬಾಕಿ ಇರುತ್ತದೆ. ನಿಮಗೆ ಗೊತ್ತಾಗಿದ್ದನ್ನು ಒಂದೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ರೋಗಿ ‘ನಾನು ಏನು ಪಾಪ ಮಾಡಿದ್ದೆ’ ಅಂತ ಕೇಳಿದಾಗ ಯಾವ ಮಾತು ಬಾಗಿಲು ಮುಚ್ಚುತ್ತದೆ, ಯಾವ ಮಾತು ತೆರೆಯುತ್ತದೆ, ಎರಡು ಎರಡು ಉದಾಹರಣೆ ಸಾಕು. ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಕೇಳಿ, ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಹದಿನೈದು ನಿಮಿಷ ತೆಗೆದುಕೊಂಡು ಎಲ್ಲರ ಮುಂದೆ ಓದಿ. ನಾನು ಓದಿದ ದಿನ ಮೊದಲು ಪ್ರಶ್ನೆ ಕೇಳಿದವರು ರಾತ್ರಿ ಪಾಳಿಯ ಒಬ್ಬ ಆಯಾ. ನರ್ಸ್ ಸ್ಟೇಷನ್ನಿನಲ್ಲಿ ಒಂದು ಪ್ರತಿ ಅಂಟಿಸಿ, ಆಯಾಗಳು ಬಟ್ಟೆ ಬದಲಾಯಿಸುವ ಕೋಣೆಯಲ್ಲೂ ಒಂದು ಅಂಟಿಸಿ.